ಬಿಚ್ಚಿಡಬೇಕಾದ ತಾಯಿತ

ಹೊಸಂಗಡಿ
14 ಜೂನ್ 2024

ಪ್ರೀತಿಯ ಮಗಳು ಸುಪ್ರೀತಾಳಿಗೆ,

ಇನ್ನು ಫೋನ್ ಮಾಡಬೇಡಿ, ಹೇಳುವುದಿದ್ದರೆ ಬರೆಯಿರಿ ಎಂದು ಫೋನ್ ಇಟ್ಟೆಯಲ್ಲ, ಬರೆಯುತ್ತಿದ್ದೇನೆ. ಅಂಚೆ ಕಚೇರಿಯಲ್ಲಿ ಲಕೋಟೆ ಕೇಳಿದರೆ ಅಲ್ಲಿನ ಹುಡುಗಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಎಂತ ಪುರಂದರಣ್ಣ, ಕೋರ್ಟು ಕೇಸಾ?" ಎಂದಳು. "ಅಲ್ಲ, ಮಗಳಿಗೆ" ಎಂದೆ. "ಹಾಗಾದ್ರೆ ರಿಜಿಸ್ಟರ್ ಮಾಡಿ" ಎಂದಳು.

ನಿನ್ನ ಸಿಟ್ಟಿಗೆ ಕಾರಣ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಎರಡೂ ಕಡೆಯದ್ದನ್ನು ಬರೆದುಕೊಂಡ ಮೇಲಲ್ಲವೇ ಕೂಡಿಸಿ ಕಳೆಯುವುದು. ನನ್ನ ಕಡೆಯದ್ದು ಇಷ್ಟು. ಆ ದಿನ ಅಂಗಡಿಯಲ್ಲಿ ಒಂದು ಹಳೆಯ ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದೆ. ವಿಡಿಯೋ ಕಾಲ್ ಬಂತು. ನೋಡಿದರೆ ಅಮ್ಮು. ಆಸ್ಪತ್ರೆಯ ಹಸಿರು ಅಂಗಿ, ಮುಖವೆಲ್ಲ ಕಣ್ಣೀರು. "ಅಜ್ಜಾ, ತಾಯಿತ ಬಿಚ್ಚಬೇಕಂತೆ" ಎಂದಳು. ಎಂಟು ವರ್ಷದ ಮೊಮ್ಮಗಳು ತಿರುವನಂತಪುರದಿಂದ ಕರೆದು ಕೇಳುವಾಗ, ಸ್ಕ್ಯಾನಿನ ಯಂತ್ರಕ್ಕೂ ಲೋಹಕ್ಕೂ ಆಗಿಬರುವುದಿಲ್ಲ ಎಂಬುದೆಲ್ಲ ನನಗೆಲ್ಲಿ ಹೊಳೆಯಬೇಕು? "ಬಿಚ್ಚಬೇಡ ಮಗಾ, ಫೋನು ಡಾಕ್ಟ್ರಿಗೆ ಕೊಡು, ನಾನು ಮಾತಾಡ್ತೇನೆ" ಎಂದೆ. ಮಾತಾಡಿ ಆಗದ ಕೆಲಸ ನನಗೆ ಇಷ್ಟರವರೆಗೆ ಸಿಕ್ಕಿರಲಿಲ್ಲ. ಆಮೇಲೆ ಅವಳು ಸ್ಕ್ಯಾನಿನ ಬಾಗಿಲಿನಿಂದಲೇ ತಿರುಗಿ ಓಡಿದ್ದು, ಆ ದಿನದ ಸ್ಕ್ಯಾನ್ ರದ್ದಾದದ್ದು, ಎಲ್ಲವೂ ನಿನ್ನ ಬೈಗಳದಿಂದಲೇ ತಿಳಿಯಿತು.

ತಾಯಿತ ಕಟ್ಟಿಸಿದ್ದು ನಾನೇ. ಮಗುವಿನ ತಲೆಯೊಳಗೆ ಗಡ್ಡೆ ಉಂಟೆಂದು ಗೊತ್ತಾದ ವಾರವೇ ವರ್ಕಾಡಿಯ ಗಣೇಶಪ್ರಸಾದ ಭಟ್ಟರಲ್ಲಿಗೆ ಹೋಗಿ ಬೆಳ್ಳಿಯದ್ದೇ ಮಾಡಿಸಿದೆ. ಮಂತ್ರ ಭಟ್ಟರದ್ದು. ಉಳಿದ ಮಾತು ನನ್ನದು. "ಇದು ಸೊಂಟದಲ್ಲಿರುವ ತನಕ ಯಾವುದೂ ನಿನ್ನನ್ನು ಮುಟ್ಟುವುದಿಲ್ಲ. ಯಾರು ಹೇಳಿದರೂ ಬಿಚ್ಚಬಾರದು" ಎಂದೆ. ಅತ್ತು ಅತ್ತು ಕಣ್ಣು ಊದಿದ್ದ ಮಗು ಕೈಬೀಸುತ್ತ ರೈಲು ಹತ್ತಿತಲ್ಲ. ಅದಕ್ಕೇನು ಬೆಲೆಯಿಲ್ಲವೇ?

ನೀನು ಅವಳಷ್ಟೇ ಇರುವಾಗಿನದ್ದು ಈಗೀಗ ಬಹಳ ನೆನಪಾಗುತ್ತದೆ. ಬಯಲಾಟಕ್ಕೆ ಮೈಕ್ ಕಟ್ಟಲು ಹೊರಟರೆ ನೀನೂ ಜೀಪಿನ ಹಿಂದೆ ಧ್ವನಿವರ್ಧಕದ ಹಾರ್ನುಗಳ ನಡುವೆ ಕುಳಿತು ಬರುತ್ತಿದ್ದೆ. ಕಬ್ಬಿಣದ ಆ ದೊಡ್ಡ ಬಾಯಿಯೊಳಗೆ ತಲೆ ತೂರಿಸಿ ಹಾಡುತ್ತಿದ್ದೆ. ಒಮ್ಮೆ ನಾನು ತೆಂಗಿನ ಮರದಲ್ಲಿ ಹಾರ್ನ್ ಕಟ್ಟಿ ಕೆಳಗಿಳಿಯುವುದರೊಳಗೆ ಮೈಕ್ ಹಿಡಿದು, "ಅಮ್ಮ ಕೊಟ್ಟ ತಿಂಡಿ ಅಪ್ಪನೇ ತಿಂದರು" ಎಂದು ಇಡೀ ಬಯಲಿಗೆ ಕೇಳಿಸಿದ್ದೆ. ಸಂಘಟಕರು ನಗುತ್ತ ನಿನಗೆ ಎಲೆಯಲ್ಲಿ ಅವಲಕ್ಕಿ ತಂದುಕೊಟ್ಟರು. ಈಗ ಹಾರ್ನೂ ಇಲ್ಲ, ಆ ಜೀಪೂ ಇಲ್ಲ. ಎಲ್ಲ ಕಪ್ಪು ಪೆಟ್ಟಿಗೆಗಳು. ಅವುಗಳೊಳಗೆ ತಲೆ ತೂರಿಸಲು ಜಾಗವೇ ಇಲ್ಲ.

ನಿನ್ನ ಅಮ್ಮ ದಮಯಂತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಊಟ ಬಡಿಸುತ್ತಾಳೆ, ಸಾರು ಬೇಕೋ ಎಂದು ಮಾತ್ರ ಬೆಕ್ಕಿನ ಹತ್ತಿರ ಕೇಳುತ್ತಾಳೆ. ಮುಂದೆ ಎಂತ ಮಾಡಬೇಕೆಂದು ಬರೆ.

ನಿನ್ನ ಅಪ್ಪ,
ಪುರಂದರ


ತಿರುವನಂತಪುರ
22 ಜೂನ್ 2024

ಪ್ರೀತಿಯ ಅಪ್ಪನಿಗೆ,

ಪತ್ರ ತಲುಪಿತು. ಓದಿ ನಗು ಬಂತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನೀವು ಯಾವಾಗಲೂ ಹೀಗೆಯೇ.

ನಿಮಗೆ ಹೇಳದ ಒಂದು ವಿಷಯ ಉಂಟು. ಇಲ್ಲಿ ಮೊದಲಿನ ಎರಡು ಸ್ಕ್ಯಾನುಗಳನ್ನು ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟು ಮಾಡಿದ್ದರು. ಎರಡನೆಯ ಸಲ ಎಚ್ಚರವಾಗುವಾಗ ಅಮ್ಮುವಿಗೆ ಉಸಿರು ಕಟ್ಟಿತು. ಐಸಿಯುವಿಗೆ ಕೊಂಡುಹೋದರು. ನಿಮಗೆ "ಸ್ವಲ್ಪ ಕೆಮ್ಮು" ಎಂದು ಫೋನಿನಲ್ಲಿ ಹೇಳಿದ್ದು ಅದನ್ನೇ. ಮದ್ದು ಗಡ್ಡೆಗೆ ತಾಗುತ್ತಿದೆಯೋ ಇಲ್ಲವೋ ನೋಡಲು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಆಗಲೇಬೇಕು. ಅವಳ ಎದೆಯ ಸ್ಥಿತಿಯಲ್ಲಿ ಪ್ರತಿ ಸಲ ಪ್ರಜ್ಞೆ ತಪ್ಪಿಸುವ ಮದ್ದು ಕೊಡಲು ಡಾಕ್ಟರಿಗೆ ಇಷ್ಟವಿಲ್ಲ. ಎಚ್ಚರದಲ್ಲೇ ಅಲುಗಾಡದೆ ಮಲಗಲು ಅವಳು ಕಲಿತರೆ ಆ ಅಪಾಯವೇ ಇಲ್ಲ. ಕಲಿಯದಿದ್ದರೆ ಮತ್ತೆ ಅದೇ ಮದ್ದು. ಮಗುವಿನ ಅಪ್ಪನಾಗಿಯೂ ವಿಜೇತ್ ಶಾರ್ಜಾದಿಂದ "ನೀನು ನೋಡಿ ಮಾಡು" ಎನ್ನುತ್ತಾರೆ. ಕಾಗದಕ್ಕೆ ಸಹಿ ಹಾಕಬೇಕಾದವಳು ನಾನು.

ಇಲ್ಲಿ ಮಕ್ಕಳನ್ನು ಸ್ಕ್ಯಾನಿಗೆ ತಯಾರು ಮಾಡಲಿಕ್ಕೆಂದೇ ಒಬ್ಬರಿದ್ದಾರೆ. ದೀಪಶ್ರೀ ಎಂದು ಹೆಸರು, ನಮ್ಮ ಬೆಳ್ಳೂರಿನವರೇ. ಮಕ್ಕಳೆಲ್ಲ ಆಟದ ಟೀಚರ್ ಎನ್ನುತ್ತಾರೆ. ಅವರ ಕೋಣೆಯಲ್ಲಿ ರಟ್ಟಿನಿಂದ ಮಾಡಿದ ಯಂತ್ರ ಉಂಟು. ಮೊದಲು ಗೊಂಬೆಯನ್ನು ಒಳಗೆ ಕಳುಹಿಸಿ ಸ್ಕ್ಯಾನ್ ಮಾಡುವ ಆಟ, ಆಮೇಲೆ ಮಗುವೇ ಮಲಗುವುದು. ನಿಜವಾದ ಯಂತ್ರದ ಸದ್ದನ್ನು ಮೊದಲು ಮೆಲ್ಲಗೆ, ದಿನ ಹೋದ ಹಾಗೆ ಜೋರಾಗಿ ಕೇಳಿಸುತ್ತಾರೆ. ಅವರದ್ದೊಂದು ಕಟ್ಟುನಿಟ್ಟು: ಮಗುವಿಗೆ ಸುಳ್ಳು ಹೇಳಬಾರದು. ಸೂಜಿ ನೋವಾಗುವುದಿದ್ದರೆ ನೋವಾಗುತ್ತದೆ ಎಂದೇ ಹೇಳಬೇಕು. ಅಮ್ಮು ಎಲ್ಲವನ್ನೂ ಕಲಿತಳು. ರಟ್ಟಿನ ಯಂತ್ರದೊಳಗೆ ಕಲ್ಲಿನ ಹಾಗೆ ಮಲಗುತ್ತಾಳೆ. ತಾಯಿತದ ಮಾತೆತ್ತಿದರೆ ಮಾತ್ರ ಎರಡೂ ಕೈ ಸೊಂಟಕ್ಕೆ ಹೋಗುತ್ತವೆ.

ನಾನೂ ನಿಜ ಹೇಳಿ ನೋಡಿದೆ. ಮೊದಲಿನ ಎರಡು ಸಲವೂ ಅವಳು ಪ್ರಜ್ಞೆ ತಪ್ಪಿದ ಮೇಲೆ ತಾಯಿತ ಬಿಚ್ಚಿದ್ದೆ, ಎಚ್ಚರವಾಗುವ ಮೊದಲು ಕಟ್ಟಿದ್ದೆ. ಅದನ್ನೇ ಹೇಳಿ, "ನೋಡು, ಬಿಚ್ಚಿದರೂ ಎಂತ ಆಗಲಿಲ್ಲ ಅಲ್ವಾ" ಎಂದೆ. ಅವಳು, "ಅದಕ್ಕೇ ನಂಗೆ ಉಸಿರು ಸಿಗದೆ ಇದ್ದದ್ದು" ಎಂದಳು.

ಬಿಚ್ಚಬಾರದೆಂಬ ಮಾತನ್ನು ಕೊಟ್ಟದ್ದು ನೀವು, ವಾಪಸು ತೆಗೆದುಕೊಳ್ಳಬೇಕಾದ್ದೂ ನೀವು.

ನಿಮ್ಮ ಮಗಳು,
ಸುಪ್ರೀತಾ


ಹೊಸಂಗಡಿ
30 ಜೂನ್ 2024

ಪ್ರೀತಿಯ ಸುಪ್ರೀತಾಳಿಗೆ,

ಕೆಮ್ಮೆಂದು ನೀನು ಹೇಳಿದ್ದನ್ನು ನಾನು ಇಡೀ ಹೊಸಂಗಡಿಗೆ ಕೆಮ್ಮೆಂದೇ ಹಂಚಿದ್ದೆ. ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳುವಾಗ ಐಸಿಯುವಿನ ಸಾಲನ್ನು ಹಾರಿಸಲು ನೋಡಿದೆ. ಅವಳು ಪತ್ರ ಕಿತ್ತುಕೊಂಡು ತಾನೇ ಓದಿದಳು. ಈಗ ನನ್ನೊಡನೆ ಮಾತಾಡುತ್ತಾಳೆ, ನಿನ್ನೊಡನೆ ಸಿಟ್ಟು.

ನಮ್ಮ ಅಂಗಡಿಗೆ ಗಲ್ಫಿನ ಕ್ಯಾಸೆಟ್ಟುಗಳು ಬರುತ್ತಿದ್ದ ಕಾಲ ನಿನಗೆ ಅಷ್ಟಿಷ್ಟು ನೆನಪಿರಬೇಕು. ಗಂಡ ಅಲ್ಲಿಂದ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಯಾರದಾದರೂ ಕೈಯಲ್ಲಿ ಕಳುಹಿಸುವುದು, ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲದ ಹೆಂಡತಿ ನಮ್ಮಲ್ಲಿಗೆ ಬಂದು ಕೇಳುವುದು. ನಾನು ಕ್ಯಾಸೆಟ್ ಹಾಕಿಕೊಟ್ಟು ಹೊರಗೆ ಜಗಲಿಯಲ್ಲಿ ನಿಲ್ಲುತ್ತಿದ್ದೆ. ನೀನು ಮಾತ್ರ ಒಳಗೆ ಬೆಂಚಿನ ಕೆಳಗೆ ಆಡುತ್ತಿದ್ದೆ, ಮಗುವೆಂದು ಯಾರೂ ಓಡಿಸುತ್ತಿರಲಿಲ್ಲ. ಎಲ್ಲ ಕ್ಯಾಸೆಟ್ಟಿನಲ್ಲೂ ಮೊದಲ ಮಾತು ಒಂದೇ, "ನಾನಿಲ್ಲಿ ಸೌಖ್ಯ". ಬಾಗಿಲಿನ ಹೊರಗೆ ನಿಂತ ನನಗೂ ಗೊತ್ತಾಗುತ್ತಿತ್ತು, ಸ್ವರದಲ್ಲಿ ಸೌಖ್ಯವಿಲ್ಲವೆಂದು. ಹೆಂಗಸರು ಕಣ್ಣೊರೆಸಿಕೊಂಡು ಹೊರಗೆ ಬಂದು, "ಸೌಖ್ಯ ಉಂಟಂತೆ ಪುರಂದರಣ್ಣ" ಎನ್ನುತ್ತಿದ್ದರು. ನಾನೂ "ಮತ್ತೆಂತ, ಒಳ್ಳೆದಾಯ್ತು" ಎನ್ನುತ್ತಿದ್ದೆ. ಆಗ ಅದೊಂದು ಮರ್ಯಾದೆ. ಎಷ್ಟು ಚಂದದ ಮರ್ಯಾದೆ ಎಂದು ಈಗಲೂ ಅನಿಸುತ್ತದೆ. ಅದೇ ಮಾಲನ್ನು ನೀನು ನನಗೆ ಮಾರಿದೆ, ನಾನು ಅಮ್ಮುವಿಗೆ ಮಾರಿದೆ. ಇನ್ನು ಜಗಳ ಬೇಡ.

ಭಟ್ಟರಲ್ಲಿಗೆ ಹೋಗಿದ್ದೆ. ಜಗಲಿಯಲ್ಲಿ ಕುಳಿತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು.

"ಭಟ್ರೇ, ನೀವು ಕೊಟ್ಟ ತಾಯಿತ ಬಿಚ್ಚಬಹುದಾ?" ಎಂದು ಕೇಳಿದೆ.

"ಧಾರಾಳ. ನಾನೇ ಬೆನ್ನಿನ ಸ್ಕ್ಯಾನಿಗೆ ಹೋದಾಗ ಉಂಗುರ, ರುದ್ರಾಕ್ಷಿ ಎಲ್ಲ ಬಿಚ್ಚಿ ಹೆಂಡತಿಯ ಬ್ಯಾಗಿಗೆ ಹಾಕಿದ್ದೇನೆ. ಬಿಚ್ಚಬಾರದು ಅಂತ ಯಾರು ಹೇಳಿದ್ದು?"

"ನಾನು."

"ಹಾಗಾದ್ರೆ ನೀವೇ ಬಿಚ್ಚಿಸಿ ಮಾರಾಯ್ರೆ" ಎಂದು ಮತ್ತೆ ಮೊಬೈಲಿಗೆ ತಿರುಗಿದರು.

ನಾನು ಅಷ್ಟಕ್ಕೇ ಏಳುವವನೇ? ಲೋಹ ತಾಗಿಸದ ಬರೀ ಹತ್ತಿಯ ಕಪ್ಪು ನೂಲೊಂದನ್ನು ಮಂತ್ರಿಸಿ ಕೊಡಿ ಎಂದೆ. ಕೊಟ್ಟರು. ಕೊಡುವಾಗ, "ನೂಲು ನನ್ನದು, ಮಾತು ನಿಮ್ಮದೇ" ಎಂದರು. ಅದನ್ನು ಇದರೊಂದಿಗೆ ಇಟ್ಟಿದ್ದೇನೆ. ತಾಯಿತದ ಶಕ್ತಿಯೆಲ್ಲ ಈಗ ಈ ನೂಲಿಗೆ ಬಂದಿದೆ, ಅಜ್ಜ ಭಟ್ಟರ ಹತ್ತಿರ ಮಾಡಿಸಿದ್ದಾರೆ ಎಂದು ಅಮ್ಮುವಿಗೆ ಹೇಳು. ಯಂತ್ರಕ್ಕೂ ತೊಂದರೆಯಿಲ್ಲ, ಮಗುವಿಗೂ ಧೈರ್ಯ. ಇಷ್ಟು ಸುಲಭದ ದಾರಿ ಆ ಆಟದ ಟೀಚರಿಗೆ ಹೊಳೆಯದೆ ಹೋದದ್ದು ಆಶ್ಚರ್ಯ.

ನಿನ್ನ ಅಪ್ಪ,
ಪುರಂದರ


ತಿರುವನಂತಪುರ
8 ಜುಲೈ 2024

ಪ್ರೀತಿಯ ಅಪ್ಪನಿಗೆ,

ನೂಲನ್ನು ಇದರೊಂದಿಗೆ ವಾಪಸು ಇಟ್ಟಿದ್ದೇನೆ. ಅಮ್ಮುವಿಗೆ ತೋರಿಸಲಿಲ್ಲ.

ತೋರಿಸಬೇಕೆಂದು ಮನಸ್ಸು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕೈಯಲ್ಲಿ ಹಿಡಿದುಕೊಂಡೇ ದೀಪಶ್ರೀಯವರಲ್ಲಿಗೆ ಹೋದೆ. ಅವರು ಬೈಯಲಿಲ್ಲ. "ಸೂಜಿ ಚುಚ್ಚುವಾಗ ನೂಲು ಇದ್ದೂ ನೋವಾಗ್ತದಲ್ಲ, ಆಗ ಅಮ್ಮು ಯಾರನ್ನು ಕೇಳ್ತಾಳೆ?" ಎಂದಷ್ಟೇ ಹೇಳಿದರು. ಅವಳು ನನ್ನನ್ನೇ ಕೇಳುತ್ತಾಳೆ. ನಾನು ಮತ್ತೊಂದು ನೂಲು ಹುಡುಕಬೇಕು.

ಈ ತಿಂಗಳ ಇಪ್ಪತ್ತೊಂಬತ್ತಕ್ಕೆ ದಿನ ಕೊಟ್ಟಿದ್ದಾರೆ. ಆ ದಿನವೂ ಆಗದಿದ್ದರೆ ಮದ್ದು ಕೊಟ್ಟೇ ಮಾಡುತ್ತಾರೆ. ಕಾಯಲು ಇನ್ನು ಸಾಧ್ಯವಿಲ್ಲ ಎಂದರು.

ಅಪ್ಪಾ, ನಾನು ಸಣ್ಣದಿರುವಾಗ ಊರಿನಲ್ಲಿ ಯಾರು ಏನು ಹೇಳಿದರೂ, ನಿಮ್ಮ ಬಾಯಿಂದ ಕೇಳಿದ ಮೇಲೆಯೇ ನಂಬುತ್ತಿದ್ದೆ. ಮೈಕಿನಲ್ಲಿ ಬಂದ ಹಾಗೆ. ಅಮ್ಮುವೂ ಹಾಗೆಯೇ. ಅವಳಿಗೇ ಬರೆಯಿರಿ.

ಸುಪ್ರೀತಾ


ಹೊಸಂಗಡಿ
16 ಜುಲೈ 2024

ಪ್ರೀತಿಯ ಅಮ್ಮುವಿಗೆ ಅಜ್ಜನ ಆಶೀರ್ವಾದಗಳು.

ಈ ಪತ್ರವನ್ನು ನೀನೇ ಓದಬೇಕು. ನನ್ನ ಅಕ್ಷರ ಅರ್ಥವಾಗದಿದ್ದರೆ ಮಾತ್ರ ಅಮ್ಮನನ್ನು ಕೇಳು.

ಮೊನ್ನೆ ನಾನು ಮಂಗಳೂರಿಗೆ ಹೋಗಿ ನಿನ್ನ ಹಾಗಿನದ್ದೇ ಯಂತ್ರದಲ್ಲಿ ಮಲಗಿದೆ. ಸ್ಪೀಕರ್ ಪೆಟ್ಟಿಗೆ ಎತ್ತಿ ಎತ್ತಿ ನನ್ನ ಬೆನ್ನು ಹಾಳಾಗಿದೆ. ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಹೇಳಿ ವರ್ಷಗಳಾದವು, ಅಂಗಡಿ ಉಂಟು, ಮಳೆ ಉಂಟು ಎಂದು ತಪ್ಪಿಸಿಕೊಂಡಿದ್ದೆ. ನಿನಗೆ ಬುದ್ಧಿ ಹೇಳುವ ಮೊದಲು ಒಳಗೆ ಹೇಗಿರುತ್ತದೆ ಎಂದು ನೋಡಿ ಬರೋಣ ಎಂದುಕೊಂಡು ಹೋದೆ.

ವಾಚು, ಉಂಗುರ, ಕನ್ನಡಕ ತೆಗೆಯಲು ಹೇಳಿದರು. ಹಲ್ಲಿನ ಸೆಟ್ಟನ್ನೂ ತೆಗೆಸಿದರು. ಕೊನೆಗೆ, "ಸೊಂಟದಲ್ಲಿ ಎಂತಾದರೂ ಉಂಟಾ?" ಎಂದು ಕೇಳಿದರು. ಉಂಟು. ಬೆಳ್ಳಿಯ ಉಡಿದಾರ. ಅದನ್ನು ನಾನು ಮದುವೆಯಾದಾಗಿನಿಂದ ಬಿಚ್ಚಿಲ್ಲ. ಬಿಚ್ಚಿದಾಗ ಪಂಚೆಯೇ ಬಿದ್ದುಹೋದ ಹಾಗೆ ಅನಿಸಿ, ಎರಡು ಸಲ ಕೈಯಿಟ್ಟು ನೋಡಿಕೊಂಡೆ.

ಕೈಗೆ ಒಂದು ರಬ್ಬರಿನ ಉಂಡೆ ಕೊಟ್ಟರು, ಬೇಡ ಎನಿಸಿದರೆ ಒತ್ತಿ ಎಂದರು. ನಾನು ನಕ್ಕೆ. ನನಗೆ ಅದರ ಅಗತ್ಯವೇ ಇಲ್ಲ, ನಾನು ಸದ್ದಿನಲ್ಲೇ ಹುಟ್ಟಿ ಬೆಳೆದವನು ಎಂದು ಒಂದು ಭಾಷಣ ಮಾಡಿದೆ. ಹಲ್ಲಿಲ್ಲದ ಭಾಷಣ, ಅವರಿಗೆಷ್ಟು ತಿಳಿಯಿತೋ. ಹಲಗೆ ಒಳಗೆ ಹೋಯಿತು. ಕಣ್ಣು ಬಿಟ್ಟು ನೋಡಿದೆ. ಮೂಗಿನ ಮೇಲೆಯೇ ಛಾವಣಿ. ಸದ್ದು ಇನ್ನೂ ಶುರುವಾಗಿರಲಿಲ್ಲ, ಅಮ್ಮು. ನಾನು ಉಂಡೆಯನ್ನು ಒತ್ತಿದೆ. ಒಂದೇ ಸಲ ಅಲ್ಲ, ಒತ್ತುತ್ತಲೇ ಇದ್ದೆ. ಹೊರಗೆ ಎಳೆದು, "ಎಂತಾಯ್ತು ಅಜ್ಜ?" ಎಂದು ಕೇಳಿದರು. ಮೂತ್ರಕ್ಕೆ ಬಂತು ಎಂದು ಸುಳ್ಳು ಹೇಳಿ, ಸೀದಾ ಬಸ್ ಹತ್ತಿ ಹೊಸಂಗಡಿಗೆ ಬಂದೆ. ಸ್ಕ್ಯಾನ್ ಆಗಲಿಲ್ಲ.

ಈಗ ತಾಯಿತದ ಮಾತು. ಬಿಚ್ಚಬಾರದು ಎಂದು ಭಟ್ಟರು ಹೇಳಿರಲಿಲ್ಲ. ಅದು ನಾನು ಸೇರಿಸಿದ್ದು. ಬಿಚ್ಚಿದರೆ ಏನೂ ಆಗುವುದಿಲ್ಲ. ಕಟ್ಟಿಕೊಂಡರೆ ನೋವಾಗುವುದಿಲ್ಲ ಎಂಬುದೂ ಸರಿಯಲ್ಲ. ಕಳೆದ ಸಲ ನಿನಗೆ ಉಸಿರು ಕಟ್ಟಿದ್ದು ನಿದ್ದೆ ಬರಿಸಿದ ಮದ್ದಿನಿಂದ. ಆಟದ ಟೀಚರಿಗೆ ಫೋನ್ ಮಾಡಿ ಕೇಳಿ ತಿಳಿದುಕೊಂಡೆ. ಫೋನ್ ಮಾಡಬಾರದೆಂದು ಇರುವುದು ನಿನ್ನ ಅಮ್ಮನಿಗೆ ಮಾತ್ರ. ನಾನು ಯಂತ್ರದೊಳಗೆ ಹೆದರಿದ್ದು ಉಡಿದಾರ ಬಿಚ್ಚಿದ್ದರಿಂದಲೂ ಅಲ್ಲ. ಅದನ್ನು ಕಟ್ಟಿಕೊಂಡು ಹೋಗಿದ್ದರೂ ಆ ಉಂಡೆಯನ್ನು ಅಷ್ಟೇ ಒತ್ತುತ್ತಿದ್ದೆ.

ನಿನಗೆ ಹಾಗೆಲ್ಲ ಹೇಳಿದ್ದು ಯಾಕೆಂದು ಕೇಳಿದರೆ, ಆ ದಿನ ರೈಲು ನಿಲ್ದಾಣದಲ್ಲಿ ನೀನು ಅಳುತ್ತಿದ್ದೆ, ನನಗೆ ನೋಡಲು ಆಗಲಿಲ್ಲ. ಅಷ್ಟೇ.

ಮಂಗಳೂರಿನವರು ಇನ್ನೊಂದು ದಿನ ಬರಲು ಹೇಳಿದ್ದಾರೆ. ಹೋಗಲು ನನಗೆ ಧೈರ್ಯವಿಲ್ಲ. ನಿನಗೆ ಗೊತ್ತಿರುವ ಉಪಾಯವೇನಾದರೂ ಇದ್ದರೆ ಬರೆ.

ನಿನ್ನ ಅಜ್ಜ


ತಿರುವನಂತಪುರ
22 ಜುಲೈ 2024

ಪ್ರೀತಿಯ ಅಜ್ಜನಿಗೆ,

ನಾನು ಚೆನ್ನಾಗಿದ್ದೇನೆ. ಬೆಳಗ್ಗೆ ವಾಂತಿ ಆಯಿತು. ಈಗ ಇಲ್ಲ.

ಕಣ್ಣನ್ನು ಹೊರಗೆ ಇರುವಾಗಲೇ ಮುಚ್ಚಬೇಕು ಅಜ್ಜ. ಒಳಗೆ ಹೋದ ಮೇಲೆ ಮುಚ್ಚುವುದಲ್ಲ. ಮೂಗು ತುರಿಸುವುದಿದ್ದರೆ ಮೊದಲೇ ತುರಿಸಬೇಕು. ಹೊಟ್ಟೆಯ ಮೇಲೆ ಒಂದು ಸಣ್ಣ ದೋಣಿ ಉಂಟು ಎಂದು ಎಣಿಸಬೇಕು. ಉಸಿರು ತೆಗೆದುಕೊಂಡರೆ ದೋಣಿ ಮೇಲೆ ಹೋಗುತ್ತದೆ, ಬಿಟ್ಟರೆ ಕೆಳಗೆ ಬರುತ್ತದೆ. ದೋಣಿ ಮಗುಚಬಾರದು. ಸದ್ದು ನಿಂತರೆ ಮುಗಿಯಿತು ಎಂದು ಏಳಬಾರದು, ಮತ್ತೆ ಬರುತ್ತದೆ.

ಉಂಡೆ ಒತ್ತಿದ್ದು ತಪ್ಪಲ್ಲ. ಅದು ಒತ್ತಲಿಕ್ಕೇ ಕೊಡುವುದು ಎಂದು ಟೀಚರ್ ಹೇಳಿದ್ದಾರೆ. ಮೂತ್ರ ಎಂದು ಹೇಳಿದ್ದು ತಪ್ಪು. ನೀವು ಹೆದರಿಕೆ ಆಯಿತು ಎಂದು ಹೇಳಿದ್ದರೆ ಅವರು ಕಾಲು ಹಿಡಿದುಕೊಳ್ಳಲು ಯಾರನ್ನಾದರೂ ಕರೆಯುತ್ತಿದ್ದರು.

ತಾಯಿತ ಬಿಚ್ಚುವುದೋ ಬೇಡವೋ ಎಂದು ನಾನು ಇನ್ನೂ ಯೋಚನೆ ಮಾಡುತ್ತಿದ್ದೇನೆ. ನೀವು ಮೊದಲು ಹೇಳಿದ್ದು ಸುಳ್ಳಾದರೆ ಈಗ ಹೇಳಿದ್ದು ಸುಳ್ಳಲ್ಲ ಎಂದು ನನಗೆ ಹೇಗೆ ಗೊತ್ತಾಗುವುದು?

ಅಜ್ಜಿಯನ್ನು ಕೇಳಿದ್ದೇನೆ ಎಂದು ಹೇಳಿ.

ಅಮ್ಮು


ತಿರುವನಂತಪುರ
30 ಜುಲೈ 2024

ಪ್ರೀತಿಯ ಅಪ್ಪನಿಗೆ,

ಆಯಿತು. ಎಚ್ಚರದಲ್ಲೇ ಆಯಿತು. ನಿನ್ನೆಯೇ ಫೋನ್ ಮಾಡಬಹುದಿತ್ತು. ಬರೆಯಬೇಕೆನಿಸಿತು.

ಸ್ಕ್ಯಾನಿನ ಬಾಗಿಲಿನವರೆಗೂ ಅವಳ ಕೈ ಸೊಂಟದಲ್ಲಿಯೇ ಇತ್ತು. ನಾನು ಒತ್ತಾಯ ಮಾಡಲಿಲ್ಲ. ಗಡ್ಡೆ ಎದ್ದು ಕಾಣಲೆಂದು ಕೊಡುವ ಬಣ್ಣದ ಮದ್ದಿಗೆ ಸೂಜಿ ಹಾಕುವಾಗ ದೀಪಶ್ರೀ "ಈಗ ನೋವಾಗ್ತದೆ" ಎಂದರು, ನೋವಾಯಿತು, ಅತ್ತಳು, ಮುಗಿಯಿತು. ಅವಳ ಜೊತೆ ಒಳಗೆ ಇರಲು ನನಗೂ ಒಪ್ಪಿಗೆ ಸಿಕ್ಕಿತ್ತು. ಹಾಗಾಗಿ ನನ್ನ ಮೈಮೇಲಿನ ಲೋಹವನ್ನೂ ತೆಗೆಯಲು ಹೇಳಿದರು. ಬಳೆ, ಕಿವಿಯ ಓಲೆ ತೆಗೆದೆ. ಉಳಿದದ್ದು ಕರಿಮಣಿ.

ಕೈ ಕೊರಳಿಗೆ ಹೋಗಿ ನಿಂತಿತು ಅಪ್ಪಾ. ಎಲ್ಲ ತಿಳಿದವಳ ಹಾಗೆ ನಿಮಗೆ ಪತ್ರ ಬರೆದವಳು ನಾನು. ಅಮ್ಮನಿಗೆ ಇದನ್ನು ಓದಿ ಹೇಳಬೇಡಿ. ಅಮ್ಮು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಬಿಚ್ಚಿದೆ.

"ಅಪ್ಪನಿಗೆ ಎಂತಾದರೂ ಆಗ್ತದಾ?" ಎಂದು ಕೇಳಿದಳು.

ಎಂದಿಗೂ ಏನೂ ಆಗುವುದಿಲ್ಲ ಎಂದು ಬಾಯಿಗೆ ಬಂದಿತ್ತು. "ಇದನ್ನು ಬಿಚ್ಚಿದ್ದರಿಂದ ಆಗುವುದಿಲ್ಲ" ಎಂದೆ.

ಅವಳು ಅದನ್ನು ತಲೆಯೊಳಗೆ ತೂಗಿ ನೋಡಿದಳು. ನೀವು ಯಾರಾದರೂ ಸಾಲ ಕೇಳಿದಾಗ ಮಾಡುವ ಮುಖ. ಆಮೇಲೆ ತಾನೇ ಗಂಟು ಬಿಚ್ಚಿ, ತಾಯಿತವನ್ನು ನನ್ನ ಕರಿಮಣಿಯ ಜೊತೆ ದೀಪಶ್ರೀಯವರ ಕೈಗೆ ಹಾಕಿ, "ಎರಡೂ ಒಟ್ಟಿಗೆ ಇರ್ಲಿ" ಎಂದಳು.

ಒಳಗೆ ನಾನು ಅವಳ ಪಾದ ಹಿಡಿದು ಕುಳಿತಿದ್ದೆ. ಸದ್ದು ಶುರುವಾದಾಗಲೂ ಅವಳ ಬೆರಳು ಅಲುಗಲಿಲ್ಲ. ಆ ಗದ್ದಲದ ನಡುವೆ ನಾನು ಎಲ್ಲಿಗೋ ಹೋಗಿಬಿಟ್ಟೆ. ಚೆಂಡೆಯ ಅಬ್ಬರದಲ್ಲಿ ನಿಮ್ಮ ಪೆಟ್ಟಿಗೆಗಳ ಹಿಂದೆ ಗೋಣಿ ಹಾಸಿಕೊಂಡು ಮಲಗುತ್ತಿದ್ದೆನಲ್ಲ. ನೀವು ಒಂದು ಕೈಯಲ್ಲಿ ಸ್ವರ ಏರಿಸಿ ಇಳಿಸುತ್ತ, ಇನ್ನೊಂದು ಕೈಯನ್ನು ನನ್ನ ಕಾಲಿನ ಮೇಲಿಟ್ಟಿರುತ್ತಿದ್ದಿರಿ. ತಂತಿ ಬೆಸೆಯುವ ಸೋಲ್ಡರಿನ ವಾಸನೆಯ ಕೈ. ಆಗೆಲ್ಲ ನೀವು ಏನೂ ಮಾತಾಡುತ್ತಿರಲಿಲ್ಲ. ನನಗೆ ಎಷ್ಟು ಒಳ್ಳೆಯ ನಿದ್ದೆ ಬರುತ್ತಿತ್ತು.

ವರದಿ ಇನ್ನೂ ಬಂದಿಲ್ಲ.

ಸುಪ್ರೀತಾ


ತಿರುವನಂತಪುರ
6 ಆಗಸ್ಟ್ 2024

ಪ್ರೀತಿಯ ಅಪ್ಪನಿಗೆ,

ವರದಿ ಬಂತು. ಗಡ್ಡೆ ದೊಡ್ಡದಾಗಿಲ್ಲ, ಸಣ್ಣದೂ ಆಗಿಲ್ಲ. ದೊಡ್ಡದಾಗದಿರುವುದೇ ಸಮಾಧಾನ ಎನ್ನುತ್ತಾರೆ ಡಾಕ್ಟರು. ಆದರೆ ಮದ್ದಿನಿಂದ ಅವರು ಎಣಿಸಿದಷ್ಟು ಆಗಿಲ್ಲ, ಬದಲಿಸಬೇಕಂತೆ. ಹೊಸ ಮದ್ದಿಗೆ ಕೂದಲು ಉದುರುತ್ತದೆ. ಚೌತಿಗೆ ಊರಿಗೆ ಬರಲು ಆಗುವುದಿಲ್ಲ.

ಅಮ್ಮುವಿಗೆ ಹೇಳಿಲ್ಲ. "ಎಲ್ಲ ಒಳ್ಳೆದುಂಟು" ಎಂದುಬಿಟ್ಟೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಸಂಜೆ ಈ ಚೀಟಿ ಕೊಟ್ಟು ನಿಮಗೆ ಕಳುಹಿಸು ಎಂದಳು. ನಾನು ಓದಬಾರದೆಂದು ಹೇಳಿದಳು, ಓದಿದೆ. ಅಪ್ಪಾ, ನನ್ನಿಂದ ಆಗಲಿಲ್ಲ.

ಸುಪ್ರೀತಾ

(ಚೀಟಿ)

ಅಜ್ಜ, ನನ್ನ ಸ್ಕ್ಯಾನಿನಲ್ಲಿ ಎಂತ ಬಂದಿದೆ? ಅಮ್ಮ ಹೇಳುವುದಿಲ್ಲ. ನೀವು ಹೇಳಿ.
ಅಮ್ಮು


ಹೊಸಂಗಡಿ
10 ಆಗಸ್ಟ್ 2024

ಪ್ರೀತಿಯ ಸುಪ್ರೀತಾಳಿಗೆ,

ಅಮ್ಮುವಿಗೆ ಬರೆದದ್ದು ಇದರೊಳಗೆ ಉಂಟು, ಅಂಟಿಸಿಲ್ಲ. ಮೊದಲು ನೀನು ಓದು. ಕೊಡುವುದೋ ಬಿಡುವುದೋ ನಿನ್ನ ಇಷ್ಟ, ತಾಯಿ ನೀನು. ಕೊಡುವುದಾದರೆ ದೀಪಶ್ರೀಯವರನ್ನು ಪಕ್ಕದಲ್ಲಿ ಕೂರಿಸಿಕೊ.

ನಿನ್ನಿಂದ ಆಗಲಿಲ್ಲ ಎಂದು ಬರೆದಿದ್ದೀಯಲ್ಲ, ಅದನ್ನು ದೊಡ್ಡದು ಮಾಡಬೇಡ. ಎಷ್ಟೋ ದಿನಗಳಿಂದ ಒಬ್ಬಳೇ ಹೊತ್ತಿದ್ದೀಯ. ಮೊದಲು ದೊಡ್ಡ ಹಾರ್ನನ್ನು ಮರಕ್ಕೆ ಏರಿಸುವಾಗ ಒಬ್ಬ ಮೇಲೆ, ಒಬ್ಬ ಕೆಳಗೆ ಇರುತ್ತಿದ್ದೆವು. ಮೇಲಿನವನ ಕೈ ಸೋತರೆ ಕೆಳಗಿನವನು ಹಗ್ಗ ಬಿಗಿಮಾಡುತ್ತಿದ್ದ. ಯಾರ ಕೈ ಸೋತಿತು ಎಂದು ಆಮೇಲೆ ಯಾರೂ ಕೇಳುತ್ತಿರಲಿಲ್ಲ.

ನನ್ನ ಸ್ಕ್ಯಾನ್ ಆಯಿತು. ಹೆದರಿಕೆ ಎಂದು ಬಾಯಿಬಿಟ್ಟು ಹೇಳಿದೆ. ನಿನ್ನ ಅಮ್ಮ ಕಾಲು ಹಿಡಿದು ಕುಳಿತಳು. ಕರಿಮಣಿಯನ್ನು ಅವಳೇ ಬಿಚ್ಚಿಕೊಟ್ಟಳು, ನಾನು ಏನೂ ಹೇಳಲಿಲ್ಲ. ನಿನ್ನ ಪತ್ರದ ಆ ಭಾಗವನ್ನು ಅವಳಿಗೆ ಓದಿರಲಿಲ್ಲ.

ಅಪ್ಪ


ಹೊಸಂಗಡಿ
10 ಆಗಸ್ಟ್ 2024

ಪ್ರೀತಿಯ ಅಮ್ಮುವಿಗೆ,

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ.

ಗಡ್ಡೆ ಸಣ್ಣದಾಗಲಿಲ್ಲ. ದೊಡ್ಡದೂ ಆಗಲಿಲ್ಲ. ಮೊದಲು ಎಷ್ಟಿತ್ತೋ ಅಷ್ಟೇ ಉಂಟು. ಸಣ್ಣದಾಗಬಹುದೆಂದು ನಾವೆಲ್ಲ ಎಣಿಸಿದ್ದೆವು, ಅದಕ್ಕೇ ನಿನ್ನ ಅಮ್ಮನಿಗೆ ಹೇಳಲು ಕಷ್ಟವಾಯಿತು. ಅವಳ ಮೇಲೆ ಸಿಟ್ಟು ಮಾಡಬೇಡ.

ಡಾಕ್ಟರು ಮದ್ದು ಬದಲಿಸುತ್ತಾರೆ. ಹೊಸ ಮದ್ದಿಗೆ ನಿನ್ನ ಕೂದಲು ಉದುರುತ್ತದೆ. ಮತ್ತೆ ಬರುತ್ತದೆಯೇ ಎಂದು ಟೀಚರನ್ನು ಕೇಳಿದೆ, ಮದ್ದು ಮುಗಿದ ಮೇಲೆ ಹೆಚ್ಚಿನವರಿಗೆ ಬರುತ್ತದೆ ಎಂದರು. ಚೌತಿಗೆ ನಿನಗೆ ಇಲ್ಲಿಗೆ ಬರಲಾಗುವುದಿಲ್ಲ.

ಇದು ತಾಯಿತ ಬಿಚ್ಚಿದ್ದರಿಂದ ಆದದ್ದಲ್ಲ. ನೀನು ಅಲುಗಾಡದೆ ಮಲಗಿದ್ದರಿಂದಲೇ ಒಳಗಿರುವುದು ಸರಿಯಾಗಿ ಕಂಡಿತು, ಮದ್ದು ಬದಲಿಸಬೇಕೆಂದು ಗೊತ್ತಾಯಿತು. ಮುಂದೆ ಪೂರ್ತಿ ಗುಣವಾಗುತ್ತದೆಯೇ ಎಂದು ಕೇಳಿದರೆ, ನನಗೆ ಗೊತ್ತಿಲ್ಲ ಮಗಾ. ಡಾಕ್ಟರಿಗೂ ಈಗ ಗೊತ್ತಿಲ್ಲ.

ನಿನ್ನ ಅಜ್ಜಿ ಪಕ್ಕದಲ್ಲಿ ಕುಳಿತು, "ಸ್ವಲ್ಪ ಮೆತ್ತಗೆ ಬರೆಯಿರಿ, ಮಗು ಅದು" ಎಂದಳು. ಮೆತ್ತಗೆ ಬರೆದು ನೋಡಿದೆ. ಓದಲು ಚೆನ್ನಾಗಿತ್ತು. ಅಜ್ಜಿಯೇ ಅದನ್ನು ಎರಡು ಸಲ ಓದಿ, ಹರಿದು, ಬೇರೆ ಕಾಗದ ತಂದುಕೊಟ್ಟಳು.

ನಾವಿಬ್ಬರೂ ಶುಕ್ರವಾರದ ರೈಲಿಗೆ ಹೊರಡುತ್ತೇವೆ. ಹೊಸ ಮದ್ದು ಶುರುವಾಗುವಾಗ ಅಲ್ಲಿರುತ್ತೇವೆ. ಇದನ್ನು ಓದಿ ನಿನಗೆ ಅಳು ಬಂದರೆ ಅಳು. ಅಳಬೇಡ ಎಂದು ನಾನು ಹೇಳುವುದಿಲ್ಲ. ನಾವು ಬಂದ ಮೇಲೂ ಅಳು ಉಳಿದಿದ್ದರೆ ನಮ್ಮೆದುರೇ ಅಳಬಹುದು. ನಾನು ನೋಡುತ್ತೇನೆ.

ನಿನ್ನ ಅಜ್ಜ,
ಪುರಂದರ